ಕಾಲಿಲ್ಲದ ಓದುಗರು

ಕರಾರು ಇಷ್ಟೇ: ಬೇಸಿಗೆ ಮುಗಿಯುವುದರೊಳಗೆ ಓದುಗರು ಸಿಗದಿದ್ದರೆ ಕೆರೆ ವಿದ್ಯಾಲಯದ ಗ್ರಂಥಾಲಯವನ್ನು ಇರುವೆಗಳ ಉಗ್ರಾಣಕ್ಕೆ ಬಿಟ್ಟುಕೊಡಬೇಕು. ಗ್ರಂಥಪಾಲಕ ಆಮೆ ಇದಕ್ಕೆ ಒಪ್ಪಿ, ದಂಡೆಯ ಮೇಲೆ ಕಪಾಟು ಒರೆಸಿಟ್ಟು ಗಿರಾಕಿಗೆ ಕಾಯುತ್ತ ಕೂತಿತು.

ಬತ್ತುತ್ತಿದ್ದ ಕೆರೆಯೊಳಗಿಂದ ಒಂದು ಗೊದಮೊಟ್ಟೆ ಕೂಗಿತು: "ಆಮೆ ಸಾರ್, ನೆಗೆಯೋದು ಕಲಿಸುವ ಪುಸ್ತಕ ಬೇಕಿತ್ತು."

"ಮೇಲೆ ಬಂದು ತಗೋ. ಪುಸ್ತಕ ದಂಡೆ ಇಳಿಯುವ ಪದ್ಧತಿ ಇಲ್ಲಿಲ್ಲ."

"ಬರೋಕೆ ಕಾಲೇ ಇಲ್ವಲ್ಲ ಸಾರ್!"

"ಕಾಲು ಬಂದ ಮೇಲೆ ಬಾ."

"ಅಷ್ಟರಲ್ಲಿ ನಾವು ಒಣಗಿ ಹಪ್ಪಳ ಆಗಿರ್ತೀವಿ. ಆಮೇಲೆ ಇರುವೆಗಳಿಗೇ ಓದಿಸಿ!"

ಆಮೆ ಅಭ್ಯಾಸದಂತೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡಿತು. ಒಳಗೆ ಕೂತು ಯೋಚಿಸಿತು: ಸರಕು ಮೇಲಿದೆ, ಗಿರಾಕಿ ಕೆಳಗಿದ್ದಾನೆ, ನಡೆಯುವ ಕಾಲಿರುವುದು ತನಗೆ ಮಾತ್ರ. ಮತ್ತೆ ತಲೆ ಹೊರಹಾಕಿ ಕೇಳಿತು:

"ನೀರು ಬತ್ತಿದರೆ ನಿನಗೆ ಮೊದಲು ಬೇಕಾದ್ದು ನೆಗೆತವೋ, ಉಸಿರೋ?"

ಗೊದಮೊಟ್ಟೆ ಬಾಯಿ ಬಿಟ್ಟಿತು. "ಉಸಿರು ಸಾರ್. ಅದಕ್ಕೂ ಪುಸ್ತಕ ಇದೆಯಾ?"

"ಇದೆ. ನೀನು ಕೇಳಿದ್ದು ಎರಡನೇ ಪಾಠ."

ಆಮೆ ಆ ಪುಸ್ತಕವನ್ನು ಬೆನ್ನಿಗೇರಿಸಿಕೊಂಡು ಕೆಳಗಿಳಿದು, ನೀರಂಚಿನಲ್ಲಿ ಕೂತು ಓದಿ ಹೇಳಿತು. ಕೇಳುವ ಬಾಲಗಳು ದಿನದಿನಕ್ಕೂ ಹೆಚ್ಚಿದವು. ಬೇಸಿಗೆಯುದ್ದಕ್ಕೂ ಕೆರೆ ಹಿಂದೆ ಸರಿದಷ್ಟೂ ಗ್ರಂಥಾಲಯ ಅದರ ಹಿಂದೆಯೇ ಹೋಯಿತು. ಇರುವೆಗಳು ಬಂದು ನೋಡಿ, ಬೇರೆ ಬಿಲ ಹುಡುಕಿಕೊಂಡವು.

ಕೊನೆಗೆ ಕೆಸರು ಮೆತ್ತಿ ಹಾಳಾದದ್ದು ಎರಡು ಪುಸ್ತಕ. ದಂಡೆ ಹತ್ತಿ ಬದುಕಿದ್ದು ಕೆರೆಯ ಅಷ್ಟೂ ಕಪ್ಪೆಗಳು.