ವಾಗ್ದೇವಿಯ ಕೊನೆಯ ಲೈಫ್

ದಾವಣಗೆರೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ವಾಗ್ದೇವಿ ಎಂಬ ಹುಡುಗಿ ಓದುತ್ತಿದ್ದಳು. ಕಾದಾಟದ ವಿಡಿಯೋ ಗೇಮಿನಲ್ಲಿ ಅವಳ ಕೈ ಬಲು ಚುರುಕು. ಸಿಟ್ಟು ಅದಕ್ಕಿಂತ ಚುರುಕು.

ಅವಳು ಆಡುತ್ತಿದ್ದ ಗೇಮಿನ ಹೆಸರು ‘ಕೋಟೆ ಕಾಳಗ’. ಆಕಾಶದಲ್ಲಿ ತೇಲುವ ಒಂದು ಕಲ್ಲಿನ ಜಗಲಿ, ಅದರ ಮೇಲೆ ಇಬ್ಬರು ಜಟ್ಟಿಗಳು. ಏಟು ಬಿದ್ದಂತೆಲ್ಲ ಜಟ್ಟಿಯ ಹೆಸರಿನ ಕೆಳಗೆ ಒಂದು ಸಂಖ್ಯೆ ಏರುತ್ತದೆ. ಸಂಖ್ಯೆ ಏರಿದಷ್ಟೂ ಮುಂದಿನ ಏಟಿಗೆ ಅವನು ದೂರ ಹಾರುತ್ತಾನೆ. ಜಗಲಿಯಿಂದ ಆಚೆ ಬಿದ್ದರೆ ಒಂದು ಲೈಫ್ ಹೋಯಿತು. ಒಬ್ಬೊಬ್ಬರಿಗೆ ಇರುವುದು ಮೂರೇ ಲೈಫ್. ಬಿದ್ದವನು ಬೆಳಕಿನ ತಟ್ಟೆಯೊಂದರ ಮೇಲೆ ನಿಂತು ಮೇಲಿನಿಂದ ಮತ್ತೆ ಬರುತ್ತಾನೆ. ಅವನ ಸಂಖ್ಯೆ ಸೊನ್ನೆಯಾಗಿರುತ್ತದೆ. ಐದು ಸೆಕೆಂಡು ಆ ಬೆಳಕು ಮೈಗೆ ಸುತ್ತಿಕೊಂಡಿರುತ್ತದೆ, ಅಷ್ಟು ಹೊತ್ತು ಯಾರ ಏಟೂ ತಾಗುವುದಿಲ್ಲ. ಹೀಗೆ ಮರಳಿ ಬರುವುದಕ್ಕೆ ಆಟಗಾರರು ರೀಸ್ಪಾನ್ ಎನ್ನುತ್ತಾರೆ.

ಆ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದ ಹುಸೇನ್ ಸರ್ ಪ್ರಿನ್ಸಿಪಾಲರನ್ನು ಬೇಡಿಕೊಂಡು ಆಟಕ್ಕೆಂದು ಒಂದು ಕೋಣೆ ಕೊಡಿಸಿದ್ದರು. ಮುರಿದ ಬೆಂಚುಗಳನ್ನು ಒಟ್ಟಿದ್ದ ಕೋಣೆ ಅದು. ಆಟವಾಡುವ ಹನ್ನೊಂದು ವಿದ್ಯಾರ್ಥಿಗಳು ಸೇರಿ ಅದನ್ನು ಗುಡಿಸಿ, ಸುಣ್ಣ ಬಳಿದಿದ್ದರು. ಪ್ರಿನ್ಸಿಪಾಲರು ಒಂದು ಷರತ್ತು ಹಾಕಿದ್ದರು. ಜಿಲ್ಲಾ ಪಂದ್ಯ ಗೆದ್ದರೆ ಕೋಣೆ ಉಳಿಯುತ್ತದೆ, ಸೋತರೆ ಬೆಂಚುಗಳು ಮತ್ತೆ ಒಳಗೆ ಬರುತ್ತವೆ.

ಫೈನಲ್ಲಿನಲ್ಲಿ ಮೂರು ಆಟ. ಮೊದಲನೆಯದನ್ನು ವಾಗ್ದೇವಿಯ ಕಾಲೇಜು ಗೆದ್ದಿತು, ಎರಡನೆಯದನ್ನು ಎದುರಾಳಿ ಕಾಲೇಜು. ಮೂರನೆಯದಕ್ಕೆ ವಾಗ್ದೇವಿ ಕುಳಿತಳು. ಎದುರಿಗೆ ಸಂಪ್ರೀತ್. ಎರಡು ವರ್ಷದಿಂದ ಜಿಲ್ಲೆಯಲ್ಲಿ ಯಾರಿಗೂ ಸೋಲದವನು.

ಆಟ ಶುರುವಾಗಿ ನಿಮಿಷವಾಗಿರಲಿಲ್ಲ, ವಾಗ್ದೇವಿಯ ಜಟ್ಟಿ ಕೆಳಗೆ ಬಿದ್ದ. ಅವಳಿಗೆ ಸಿಟ್ಟು ನೆತ್ತಿಗೇರಿತು. ರೀಸ್ಪಾನ್ ಆದ ಕೂಡಲೇ ತಟ್ಟೆಯಿಂದ ಜಿಗಿದು ಸಂಪ್ರೀತನ ಮೇಲೆರಗಿದಳು. ಈಗ ತನಗೆ ಏಟು ತಾಗುವುದಿಲ್ಲ, ಅಷ್ಟರಲ್ಲಿ ಸಿಕ್ಕಷ್ಟು ಬಾರಿಸಬೇಕು ಎನ್ನುವುದು ಅವಳ ಲೆಕ್ಕ. ಸಂಪ್ರೀತ್ ಐದು ಸೆಕೆಂಡೂ ಸುಮ್ಮನೆ ಓಡಿದ. ಬೆಳಕು ಆರಿದ ಕ್ಷಣ ತಿರುಗಿ ನಿಂತು ಹೊಡೆದ. ಅವಳು ಹೇಗೋ ತಡೆದುಕೊಂಡು ಅವನನ್ನೂ ಒಮ್ಮೆ ಬೀಳಿಸಿದಳು. ಮರಳಿ ಬಂದ ಅವನಿಗೆ ಏಟಿನ ಮೇಲೆ ಏಟು ಕೊಟ್ಟಳು. ಆದರೂ ಕೊನೆಗೆ ಮತ್ತೆ ಬಿದ್ದದ್ದು ಅವಳೇ.

ಈಗ ಅವನ ಹತ್ತಿರ ಎರಡು ಲೈಫ್, ಅವಳ ಹತ್ತಿರ ಒಂದೇ.

ಹಿಂದೆ ಕುಳಿತಿದ್ದ ಗೆಳತಿಯೊಬ್ಬಳು, ಮುಗೀತು, ಇನ್ನು ಎಲ್ಲ ಮೊದಲಿಂದ ಆಗಬೇಕು ಎಂದು ಪಿಸುಗುಟ್ಟಿದಳು. ಪಂದ್ಯದ ನಡುವೆ ಆಟಗಾರರಿಗೆ ಏನೂ ಹೇಳುವಂತಿರಲಿಲ್ಲ. ಹುಸೇನ್ ಸರ್ ಎರಡೂ ಕೈಗಳಿಂದ ಮೊಣಕಾಲು ಹಿಡಿದು ಕುಳಿತಿದ್ದರು.

ವಾಗ್ದೇವಿಯ ಜಟ್ಟಿ ಬೆಳಕಿನ ತಟ್ಟೆಯ ಮೇಲೆ ಬಂದು ನಿಂತ. ಅವಳ ಹೆಬ್ಬೆರಳು ಅಭ್ಯಾಸದಂತೆ ಹೊಡೆಯುವ ಗುಂಡಿಯ ಮೇಲೆ ಹೋಯಿತು. ಈ ಸಲ ಒತ್ತಲು ಹೆದರಿಕೆಯಾಯಿತು. ಒತ್ತಿ ತಪ್ಪಿದರೆ ಮತ್ತೊಂದು ಲೈಫ್ ಇಲ್ಲ. ಏನು ಮಾಡಲೂ ತೋಚದೆ ಅವಳು ಪರದೆಯನ್ನು ನೋಡಿದಳು.

ಅವಳ ಹೆಸರಿನ ಕೆಳಗೆ ಸೊನ್ನೆ. ಅವನ ಹೆಸರಿನ ಕೆಳಗೆ ನೂರಾ ಹದಿನೆಂಟು.

ಅವಳು ಬಿದ್ದಿದ್ದಳು. ಆದರೆ ಅವಳು ಕೊಟ್ಟ ಏಟುಗಳು ಅವಳ ಜೊತೆ ಬಿದ್ದಿರಲಿಲ್ಲ, ಅವನ ಮೈಮೇಲೆ ಹಾಗೇ ಇದ್ದವು. ಮೊದಲಿನಿಂದ ಶುರು ಮಾಡುವುದೇನೂ ಇರಲಿಲ್ಲ, ಒಂದು ಒಳ್ಳೆಯ ಏಟು ಸಾಕಾಗಿತ್ತು. ಅವನು ನಿಂತ ಜಾಗವನ್ನೂ ನೋಡಿದಳು. ಇವಳು ಮೇಲೆ ಬೀಳುತ್ತಾಳೆಂದು ಓಡಲು ಸಿದ್ಧನಾಗಿ ಜಗಲಿಯ ಎಡತುದಿಗೆ ಹೋಗಿ ನಿಂತಿದ್ದ.

ಇನ್ನು ಉಳಿದದ್ದು ಎರಡು ಸೆಕೆಂಡು. ಅವಳು ಅವನ ಮೇಲೆ ಜಿಗಿಯಲಿಲ್ಲ. ಜಗಲಿಯ ನಡುವೆ ಮೆಲ್ಲಗಿಳಿದು ದಾರಿಗೆ ಅಡ್ಡ ನಿಂತಳು. ಬೆಳಕು ಆರಿತು. ಸಂಪ್ರೀತನ ಬೆನ್ನ ಹಿಂದೆ ಬರೀ ಆಕಾಶ. ಅವನು ನುಗ್ಗಿ ಬಂದ. ಅವಳು ತಡೆದು, ಒಂದೇ ಒಂದು ಸಲ ಒದ್ದಳು. ಅವನು ಜಗಲಿಯಾಚೆ ಹಾರಿಹೋದ.

ಇಬ್ಬರ ಬಳಿಯೂ ಈಗ ಒಂದೊಂದೇ ಲೈಫ್.

ಸಂಪ್ರೀತನ ಮುಖ ಕೆಂಪಾಯಿತು. ಇಲ್ಲಿಯವರೆಗೆ ತಣ್ಣಗಿದ್ದವನು ಬೆಳಕು ಸುತ್ತಿಕೊಂಡೇ ಅವಳ ಮೇಲೆ ಬಿದ್ದ. ಅವಳು ಓಡಿದಳು, ಎರಡು ಏಟು ತಿಂದಳು, ಜಗಲಿಯ ಅಂಚು ಹಿಡಿದು ನೇತಾಡಿದಳು. ಬಾಯಲ್ಲೇ ಐದರವರೆಗೆ ಎಣಿಸಿದಳು. ಬೆಳಕು ಆರಿದಾಗ ಅವನು ಜಿಗಿತದ ನಡುವೆ ಗಾಳಿಯಲ್ಲಿದ್ದ. ಅಲ್ಲಿ ಬಿದ್ದ ಮೊದಲ ಏಟು ಅವಳದು.

ಆಮೇಲೆ ಆಟ ಬಹಳ ಹೊತ್ತು ನಡೆಯಿತು. ಅವಳ ಸಂಖ್ಯೆ ತೊಂಬತ್ತಾರು, ಅವನದು ನೂರಾ ಇಪ್ಪತ್ತು. ಇಬ್ಬರೂ ಅಂಚಿನಲ್ಲಿ. ಅವಳು ನುಗ್ಗದೆ ಕಾದಳು. ಮೊದಲು ನುಗ್ಗಿದ್ದು ಅವನು. ಅವಳು ಬಗ್ಗಿದಳು, ಎದ್ದು ಹೊಡೆದಳು. ಅವನ ಜಟ್ಟಿ ಬೀಳುತ್ತಾ ಬೀಳುತ್ತಾ ಚುಕ್ಕಿಯಾದ. ಈ ಸಲ ಮೇಲಿನಿಂದ ಬೆಳಕಿನ ತಟ್ಟೆ ಇಳಿಯಲಿಲ್ಲ.

ಹುಸೇನ್ ಸರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕೋಣೆ ಉಳಿಯಿತು.

ಹೊರಗೆ ಬಂದಾಗ ಸಂಪ್ರೀತ್ ಅವಳಿಗಾಗಿ ಕಾಯುತ್ತಿದ್ದ. ಸೋತದ್ದಕ್ಕಿಂತ, ಹೇಗೆ ಸೋತೆ ಎಂದು ತಿಳಿಯದ್ದೇ ಅವನನ್ನು ಕಾಡುತ್ತಿತ್ತು.

“ಕೊನೇ ಲೈಫಲ್ಲಿ ನೀವು ಬೇರೆಯವರ ಥರ ಆಡಿದ್ರಿ. ಏನ್ ಮಾಡಿದ್ರಿ?” ಎಂದು ಕೇಳಿದ.

“ಏನೂ ಮಾಡ್ಲಿಲ್ಲ. ಬಿದ್ದಾಗಲೆಲ್ಲ ಎದ್ದು ಹೊಡೀತಿದ್ದೆ. ಈ ಸಲ ಎದ್ದು ನೋಡಿದೆ, ಅಷ್ಟೇ,” ಎಂದಳು ವಾಗ್ದೇವಿ.

ಈ ಕಥೆ ಹೇಳುವ ನೀತಿ: ಬಿದ್ದವರಿಗೆ ಮತ್ತೆ ಎದ್ದು ನಿಲ್ಲಲು ಸಿಗುವ ಗಳಿಗೆ ಸಿಟ್ಟು ತೀರಿಸಿಕೊಳ್ಳುವುದಕ್ಕಲ್ಲ, ಕಣ್ಣು ತೆರೆದು ನೋಡುವುದಕ್ಕೆ. ಸೋತಾಗ ಎಲ್ಲವೂ ಹೋಯಿತೆಂದು ತಿಳಿಯಬೇಡಿ. ಅಲ್ಲಿಯವರೆಗೆ ಪಟ್ಟ ಶ್ರಮ ಎಲ್ಲಿ ಉಳಿದಿದೆ ಎಂದು ಹುಡುಕಿ, ಅಲ್ಲಿಂದ ಮುಂದುವರಿಸಿ.