ಮಠದ ಕಾರಿಗೆ ಇನ್ನೊಂದು ಎಂಜಿನ್

ಮಲಪ್ರಭೆಯ ದಂಡೆಯಲ್ಲೊಂದು ಸಣ್ಣ ಮಠ. ಮಠಕ್ಕೊಂದು ಹಳೆಯ ಕಾರು. ಅದು ಗುರುಗಳ ಸವಾರಿಗಲ್ಲ, ಊರಿನ ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸುವುದಕ್ಕೆ. ಓಡಿಸುವವನು ನಿರುಪಾದಿ, ಹನ್ನೆರಡು ವರ್ಷದಿಂದ ಅಜ್ಜನ ಶಿಷ್ಯ.

ಅಜ್ಜ ಎಂದರೆ ಮಠದ ಗುರು. ಕಾವಿ ಉಡುವ ಮೊದಲು ಲಾರಿ ಮೇಸ್ತ್ರಿಯಾಗಿದ್ದವರು.

ಮಂಗಳವಾರ ಕಾರು ನಡುದಾರಿಯಲ್ಲಿ ನಿಂತುಬಿಟ್ಟಿತು. ಎಂಜಿನ್ ಬಿಗಿಹಿಡಿದು ಮತ್ತೆ ತಿರುಗಲೇ ಇಲ್ಲ. ಒಳಗೆ ಗಂಗವ್ವ ಇದ್ದಳು. ವಾರಕ್ಕೆರಡು ಸಲ ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸದಿದ್ದರೆ ಬದುಕದ ಹೆಂಗಸು, ಬಸ್ಸಿನಲ್ಲಿ ಕೂರುವ ತ್ರಾಣವೂ ಇಲ್ಲ. ಸುಡುಬಿಸಿಲಲ್ಲಿ ಮೂರು ತಾಸು ಕಾದು, ಕೊನೆಗೆ ಮೆಣಸಿನಕಾಯಿ ಟೆಂಪೋದಲ್ಲಿ ಆಸ್ಪತ್ರೆ ಸೇರಿದಳು. ಶುಕ್ರವಾರ ಮತ್ತೆ ಹೋಗಲೇಬೇಕಿತ್ತು.

ಹೊಸ ಎಂಜಿನ್ ಮಠದ ಕೈಗೆಟುಕುವ ಮಾತಲ್ಲ. ಬುಧವಾರ ಬೆಳಿಗ್ಗೆ ಗುರುಶಿಷ್ಯರು ಗುಜರಿ ಅಂಗಡಿಗೆ ಹೋದರು.

“ಹಳೇದು ಯಾಕ ಸತ್ತಿತು?” ಅಜ್ಜ ಕೇಳಿದರು.

“ವಯಸ್ಸಾಗಿತ್ರಿ ಅಜ್ಜಾರ.”

“ವಯಸ್ಸು ನನಗೂ ಆಗೇತಿ.”

ಅಂಗಡಿಯಲ್ಲಿ ಅದೇ ಮಾದರಿಯ ಎರಡು ಎಂಜಿನ್‌ಗಳಿದ್ದವು. ಒಂದನ್ನು ತೊಳೆದು ಬಣ್ಣ ಬಳಿದಿದ್ದರು. ಇನ್ನೊಂದಕ್ಕೆ ಮಣ್ಣು ಮೆತ್ತಿತ್ತು. ನಿರುಪಾದಿ ಹೊಳೆಯುವುದರ ಮೇಲೆ ಕೈಯಿಟ್ಟ.

“ಅದು ಬ್ಯಾಡ,” ಅಂದರು ಅಜ್ಜ. “ಎಲ್ಲಿ ಸೋರತೈತಿ ಅನ್ನೂದನ್ನ ಮಣ್ಣು ಹೇಳತೈತಿ. ತೊಳದವನು ಅದರ ಬಾಯಿ ಮುಚ್ಚಿಸ್ಯಾನ.”

ಮಣ್ಣು ಮೆತ್ತಿದ್ದನ್ನು ಕೈಯಿಂದಲೇ ತಿರುಗಿಸಿ ನೋಡಿದರು, ಬ್ಯಾಟರಿ ಹಚ್ಚಿ ಒತ್ತಡ ನೋಡಿದರು. ಅದನ್ನೇ ತಂದರು.

ಹೊಳೆದಂಡೆಯ ಹುಣಸೆಮರಕ್ಕೆ ಸರಪಳಿ ರಾಟೆ ಕಟ್ಟಿ ಸತ್ತ ಎಂಜಿನ್ ಇಳಿಸಿದರು. ಅಜ್ಜ ಅದರ ಹೊಟ್ಟೆ ಬಿಚ್ಚಿದರು. ಆಯಿಲ್ ಇರಬೇಕಾದ ಕಡೆ ಒಂದು ಬೊಗಸೆ ಕಪ್ಪು ಕೆಸರು.

“ಎಣ್ಣಿ ಇಲ್ದ ಓಡೇತಿ.”

“ತಿಂಗಳ ಕೆಳಗ ಹಾಕಿದ್ನಿರಿ!”

“ಸೋರೇತಿ. ಕಬ್ಬಿಣ ಅಂದ ಮ್ಯಾಲೆ ಸೋರತೈತಿ. ನಿನಗ್ಯಾಕ ತಿಳೀಲಿಲ್ಲ?”

“ಗಂಗವ್ವನ ಹಣೆಬರಹ ಇರಬೇಕ್ರಿ,” ಅಂದುಬಿಟ್ಟ ನಿರುಪಾದಿ.

ಅಜ್ಜ ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟು, ಎದ್ದು ಒಳಗೆ ಹೋದರು.

ಮರುದಿನ, ಗುಜರಿಯಿಂದ ತಂದಿದ್ದ ಎಂಜಿನ್ನಿನಲ್ಲಿ ಎಣ್ಣೆ ಸೋರದಂತೆ ತಡೆಯುವ ಸೀಲು, ಗ್ಯಾಸ್ಕೆಟ್ಟುಗಳನ್ನೆಲ್ಲ ಅಜ್ಜ ಬದಲಿಸತೊಡಗಿದರು.

“ಇವು ಚಲೋ ಅದಾವಲ್ರಿ, ಇರ್ಲಿ ಬಿಡ್ರಿ.”

“ಇವತ್ತು ಕೈಗೆ ಸಿಕ್ಕಾವು. ಎಂಜಿನ್ ಕೂಡ್ರಿಸಿದ ಮ್ಯಾಲೆ ಸಿಗೂದಿಲ್ಲ.”

ಶುಕ್ರವಾರ ಬೆಳಿಗ್ಗೆ ಎಲ್ಲ ಕೂಡಿಸಿ, ಹೊಸ ಆಯಿಲ್ ತುಂಬಿಸಿದ್ದಾಯಿತು. ಮುಖ ಬಾತುಕೊಂಡ ಗಂಗವ್ವ ಮರದ ಬುಡದಲ್ಲಿ ಕೂತಿದ್ದಳು. ನಿರುಪಾದಿ ಸೀಟಿನಲ್ಲಿ ಕೂತು, ಸ್ಟೇರಿಂಗಿನ ಮುಂದೆ ಅಂಟಿಸಿದ್ದ ಅಜ್ಜನ ಫೋಟೊ ಮುಟ್ಟಿ ಕಣ್ಣಿಗೊತ್ತಿಕೊಂಡ. ಒಂದು ದಿನವೂ ಹಾಗೆ ಮಾಡದೆ ಅವನು ಕೀಲಿ ತಿರುಗಿಸಿದ್ದೇ ಇಲ್ಲ.

“ಅರ್ಧಾ ತಿರುವು,” ಪಕ್ಕದಲ್ಲಿ ನಿಂತ ಅಜ್ಜ ಹೇಳಿದರು. “ಎಷ್ಟು ದೀಪ ಬಂದುವು?”

“ಎರಡ್ರಿ. ಬ್ಯಾಟರೀದು, ಬ್ರೇಕಿಂದು.”

“ಎಂಜಿನ್ ಹಿಡಿಯೂತನಕ ಎಲ್ಲಾ ಉರೀಬೇಕು. ಆಯಿಲ್ಲಿಂದು?”

“ಬಂದಿಲ್ರಿ. ಬಲ್ಬ್ ಹೋಗಿರಬೇಕು.”

ಅಜ್ಜ ಕೈ ಚಾಚಿ ತಮ್ಮದೇ ಫೋಟೊವನ್ನು ಉಗುರಿನಿಂದ ಕಿತ್ತರು. ಅದರಡಿಯಲ್ಲಿ, ಎಣ್ಣೆ ಬತ್ತಿದಾಗ ಎಚ್ಚರಿಸುವ ಕೆಂಪು ದೀಪ ಉರಿಯುತ್ತಿತ್ತು.

ನಿರುಪಾದಿ ಅದನ್ನೇ ನೋಡುತ್ತ ಉಳಿದ. ಮಂಗಳವಾರದ ಬಿಸಿಲು, ಗಂಗವ್ವ ನೀರು ಕೇಳಿದ್ದು, ತಾನು ಎಂಜಿನ್ನಿಗೆ ಹಿಡಿಶಾಪ ಹಾಕಿದ್ದು ಎಲ್ಲ ಒಟ್ಟಿಗೇ ನೆನಪಾಯಿತು. ಅವನು ಇಳಿದು ಗಂಗವ್ವನ ಮುಂದೆ ಕೂತ.

“ಯವ್ವಾ, ನಾನ ಕೊಲ್ತಿದ್ನಲ್ಲ ನಿನ್ನ.”

“ಸತ್ತಿಲ್ಲಲ್ಲೋ ಇನ್ನಾ,” ಅಂದಳು ಗಂಗವ್ವ. “ಈಗರ ನಡಿ, ಹೊತ್ತಾತು.”

ಕೂತಲ್ಲಿಂದ ಏಳದೆ ಅವನು ಅಜ್ಜನ ಕಡೆ ತಿರುಗಿದ. “ಬ್ಯಾರೆ ಡ್ರೈವರ್‌ನ ನೋಡ್ರಿ ಅಜ್ಜಾರ. ನಾ ಮುಟ್ಟೂದಿಲ್ಲ.”

ಅಜ್ಜ ಗಂಗವ್ವನ ಕೈ ಹಿಡಿದು ನಡೆಸಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಕೂರಿಸಿ, ಬಾಗಿಲು ಹಾಕಿದರು. ಮುಂದಿನ ಬಾಗಿಲನ್ನು ತೆರೆದೇ ಇಟ್ಟು ಕಾಯುತ್ತ ನಿಂತರು.

ಬಹಳ ಹೊತ್ತಿನ ಮೇಲೆ ನಿರುಪಾದಿ ಬಂದು ಕೂತ. ಕೀಲಿ ತಿರುಗಿಸಿದ. ಎಂಜಿನ್ ಎರಡು ಸಲ ಕೆಮ್ಮಿ ಹಿಡಿಯಿತು. ಕೆಂಪು ದೀಪ ಆರಿತು. ಅವನ ಕಣ್ಣು ಮಾತ್ರ ಆ ಜಾಗದಿಂದ ಕದಲಲಿಲ್ಲ.

“ಕಣ್ಣ ಮುಂದ ಇತ್ತಲ್ರಿ ಅಜ್ಜಾರ. ನನಗ್ಯಾಕ ಕಾಣಲಿಲ್ಲ?”

ಅಜ್ಜ ಫೋಟೊವನ್ನು ಹರಿದು ಮುಷ್ಟಿಯಲ್ಲಿ ಹಿಡಿದುಕೊಂಡರು.

“ದೀಪ ಉರೀತಿತ್ತಪಾ. ನಾನ ಅಡ್ಡ ಕುಂತಿದ್ದೆ.”