ಬೆಟ್ಟದ ಏರು, ಎರಡು ವ್ಯಾನು

“ಬುದ್ಧೀ, ಮಠಕ್ಕೆ ಯಾವ ವ್ಯಾನು ಕೊಳ್ಳೋಣ?” ಎಂದು ಶಿಷ್ಯ ನಂಜೇದೇವ ಕೇಳಿದ.

ಒಳಗೇ ಮಲಗಿ, ಒಳಗೇ ಅನ್ನ ಬೇಯಿಸಿಕೊಂಡು ಊರೂರು ತಿರುಗುವಂಥ ವ್ಯಾನು ಅದು. ಎರಡನ್ನು ನೋಡಿ ಬಂದಿದ್ದ. ಒಂದು ಹಳೆಯ ಕಾಲದ್ದು, ದುಬಾರಿ, ದಾರಿಹೋಕರೂ ನಿಂತು ನೋಡುವಂಥದ್ದು. ಇನ್ನೊಂದು ಅಗ್ಗದ್ದು, ನಾಲ್ಕು ಚಕ್ರಕ್ಕೂ ಎಂಜಿನ್ನಿನ ಎಳೆತವಿದೆ, ಆದರೆ ರೂಪವಿಲ್ಲ. ಬೆಳಗಿನಿಂದ ಎರಡರ ಗುಣದೋಷ ಹೇಳಿ ಹೇಳಿ ಸ್ವಾಮಿಗಳ ತಲೆ ತಿಂದಿದ್ದ.

“ಸಾಕಪ್ಪಾ ಸಾಕು, ಕೂತುಕೋ. ಒಂದು ಕತೆ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ,” ಎಂದು ಸ್ವಾಮಿಗಳು ಶುರುಮಾಡಿದರು.

ಒಬ್ಬ ವ್ಯಾಪಾರಿ ಇದ್ದ. ನೀನು ಹೇಳಿದಂಥದೇ ಹಳೆಯ ವ್ಯಾನು ಅವನದು. ದಿನಾ ಒರೆಸುವನು, ದಿನಾ ಊದುಬತ್ತಿ ಬೆಳಗುವನು. ಚಕ್ರದ ಕೆಳಗೆ ನಿಂಬೆಹಣ್ಣು ಇಡದೆ ಒಂದು ಮಾರು ದೂರವೂ ಹೊರಡನು. ಒಬ್ಬಳು ದಾದಿಯೂ ಇದ್ದಳು. ಕೆಲಸದಿಂದ ನಿವೃತ್ತಳಾದ ಮೇಲೆ ಅಗ್ಗದ ವ್ಯಾನು ಕೊಂಡು, ಆಸ್ಪತ್ರೆಯಿಲ್ಲದ ಊರುಗಳಲ್ಲಿ ಬಸುರಿಯರನ್ನು ನೋಡಿಕೊಂಡು ತಿರುಗುತ್ತಿದ್ದಳು. ಒಂದು ಮಳೆಗಾಲ ಇಬ್ಬರೂ ಒಂದೇ ಬೆಟ್ಟದ ಬುಡದಲ್ಲಿ ಬೀಡುಬಿಟ್ಟರು.

“ಏನಮ್ಮಾ, ಇದು ವ್ಯಾನೋ, ಹಿಟ್ಟಿನ ಡಬ್ಬವೋ?” ಎಂದು ವ್ಯಾಪಾರಿ ನಕ್ಕ.

“ಹಿಟ್ಟಿನ ಡಬ್ಬವಾದರೆ ಹೊಟ್ಟೆಗಾದರೂ ಆದೀತು ಸಾಹುಕಾರರೇ,” ಎಂದು ಆಕೆ ಟೀ ಲೋಟ ಕೈಗಿತ್ತಳು. ಎಲಾ ಇವಳ!

ಮರುದಿನ ಬೆಳಗ್ಗೆ ಬೆಟ್ಟದ ಮೇಲಿನಿಂದ ಒಬ್ಬ ರೈತ ಓಡಿ ಬಂದ. ಅವನ ಹೆಂಡತಿಗೆ ನೋವು ಶುರುವಾಗಿತ್ತು. ಮಗು ಅಡ್ಡ ನಿಂತಿದೆ ಎಂದು ಸೂಲಗಿತ್ತಿ ಕೈಚೆಲ್ಲಿದ್ದಳು. ಮಧ್ಯಾಹ್ನದೊಳಗೆ ಪೇಟೆಯ ಆಸ್ಪತ್ರೆ ಮುಟ್ಟಿಸದಿದ್ದರೆ ಎರಡು ಜೀವವೂ ಉಳಿಯುವುದಿಲ್ಲ. ರೈತ ಎರಡೂ ವ್ಯಾನು ನೋಡಿದ. ಹೊಳೆಯುತ್ತಿದ್ದುದರ ಮುಂದೆ ಹೋಗಿ ಕೈಮುಗಿದ. ಪಾಪ, ಅವನನ್ನು ಬೈಯಬೇಡ, ನಾವೆಲ್ಲ ಹಾಗೇ.

ವ್ಯಾಪಾರಿ ಕೆಟ್ಟವನಲ್ಲ. “ನಡಿ, ಹೋಗೋಣ,” ಎಂದು ತಕ್ಷಣ ಎದ್ದ. ಆದರೆ ಅಭ್ಯಾಸ ಬಿಟ್ಟೀತೇ? ಚಕ್ರ ತೊಳೆದ, ನಾಲ್ಕು ನಿಂಬೆಹಣ್ಣು ಇಟ್ಟ, ಕರ್ಪೂರ ಹಚ್ಚಿದ. ರೈತ ನಿಂತಲ್ಲೇ ಒದ್ದಾಡಿದ. ಕೊನೆಗೂ ಹೊರಟರೆ, ಮೊದಲನೆಯ ತಿರುವಿನಲ್ಲೇ ಹಿಂದಿನ ಚಕ್ರಗಳು ಕೆಸರಿನಲ್ಲಿ ಗಿರಗಿರ ತಿರುಗಿದವು. ಮುಂದಿನವಕ್ಕೆ ಎಳೆತವೇ ಇಲ್ಲ. ವ್ಯಾನು ಅಡ್ಡಡ್ಡ ಜಾರಿ ಚರಂಡಿಯಲ್ಲಿ ಕೂತಿತು.

ದಾದಿ ಬೆನ್ನ ಹಿಂದೆಯೇ ಬಂದಿದ್ದಳು. ರೈತನನ್ನು ಹತ್ತಿಸಿಕೊಂಡಳು. ವ್ಯಾಪಾರಿ ಮತ್ತೆ ನಿಂಬೆಹಣ್ಣು ಹುಡುಕುತ್ತಿದ್ದ. “ಹಣ್ಣು ಬಿಡಿ ಸಾಹುಕಾರರೇ, ಭುಜ ಕೊಡಿ!” ಎಂದು ಕೂಗಿದಳು.

ಅವನು ಜರಿಪಂಚೆ ಎತ್ತಿ ಕಟ್ಟಿದ. ಅಗ್ಗದ ವ್ಯಾನು ಏರು ಹಿಡಿಯಿತು. ಒಂದು ಚಕ್ರ ಜಾರಿದರೆ ಇನ್ನೊಂದು ನೆಲ ಕಚ್ಚಿತು. ತೀರಾ ಕಡಿದಾದ ಕಡೆ ವ್ಯಾಪಾರಿ ಹಿಂದಿನಿಂದ ನೂಕಿದ. ಮೈಯೆಲ್ಲ ಕೆಸರಾದರೂ ಬಿಡಲಿಲ್ಲ. “ಒತ್ತಮ್ಮಾ, ಒತ್ತು, ಇನ್ನೊಂದೇ ತಿರುವು!” ಎಂದು ಅರಚುತ್ತಲೇ ಇದ್ದ.

ಹತ್ತಿಯೇಬಿಟ್ಟರು. ಆ ತಾಯಿಯನ್ನು ವ್ಯಾನಿನೊಳಗಿನ ಹಾಸಿಗೆಯ ಮೇಲೆ ಮಲಗಿಸಿಕೊಂಡು ಇಳಿದರು. ಮಧ್ಯಾಹ್ನಕ್ಕೆ ಮೊದಲೇ ಆಸ್ಪತ್ರೆ ಸೇರಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಳು ಕೇಳಿಸಿತು. ಅಬ್ಬಬ್ಬಾ, ಎಂಥ ಗಂಟಲು ಅದು! ತಾಯಿಯೂ ಉಳಿದಳು. ರೈತ ಕುಸಿದು ಕೂತು ಸಂತೋಷಕ್ಕೆ ಗಳಗಳ ಅತ್ತ. ವ್ಯಾಪಾರಿ ಕೆಸರುಗಾಲಲ್ಲೇ ಆಸ್ಪತ್ರೆಯ ಅಂಗಳದಲ್ಲಿ ಕುಣಿದ. “ಗೆದ್ದೆವು ಕಣಮ್ಮಾ, ಗೆದ್ದುಬಿಟ್ಟೆವು!”

ಕುಣಿದು ಸುಸ್ತಾದ ಮೇಲೆ ಕೇಳಿದ: “ಇಂಥ ವ್ಯಾನನ್ನೇ ಕೊಳ್ಳಬೇಕೆಂದು ನಿಮಗೆ ಹೇಗೆ ಹೊಳೆಯಿತು ತಾಯಿ?”

“ಕೊಳ್ಳುವ ಮೊದಲು ಈ ಏರನ್ನು ಮಳೆಯಲ್ಲಿ ನಡೆದು ಹತ್ತಿದ್ದೆ. ಎರಡು ಸಲ ಜಾರಿ ಬಿದ್ದೆ. ಆಮೇಲೆ ಅಂಗಡಿಗೆ ಹೋದೆ,” ಎಂದಳು ದಾದಿ.

ಕತೆ ಮುಗಿಯಿತು. ನಂಜೇದೇವ ಚಪ್ಪಾಳೆ ತಟ್ಟಿದ. “ಹಾಗಾದರೆ ಅಗ್ಗದ್ದೇ ಸರಿ ಬುದ್ಧೀ! ನಾಳೆಯೇ ಹೋಗಿ ತರುತ್ತೇನೆ.”

ಸ್ವಾಮಿಗಳು ಅವನ ಮುಖ ನೋಡಿದರು.

“ಬೆಳಗಿನಿಂದ ಎರಡು ವ್ಯಾನಿನ ಮಾತಾಡಿದೆಯಲ್ಲಪ್ಪಾ, ಅದು ಹೋಗಬೇಕಾದ ಊರು ಯಾವುದೆಂದು ಒಂದು ಸಲವಾದರೂ ಹೇಳಿದೆಯಾ?”